ಮಾರಿಯ ಮುಖ, ತಾಯಿಯ ಮುಖ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಭಾದ್ರಪದ ಮಾಸದಲ್ಲಿ ಮಾರಮ್ಮನ ಜಾತ್ರೆ ನೆರೆಯುತ್ತದೆ. ನಮ್ಮ ಸೀಮೆಯವರೂ ನೆರೆಯ ಆಂಧ್ರದವರೂ ದೇವಿಯತ್ತ ಈರುಳ್ಳಿ ತೂರಿ ಹರಕೆ ಸಲ್ಲಿಸುತ್ತಾರೆ. ಈ ದೇವಿಯ ಹೆಸರನ್ನು ಬಿಡಿಸಿ ನೋಡಿರಿ: ಮಾರಿ ಎಂದರೆ ಕೊಲ್ಲುವ ಬೇನೆ, ಅಮ್ಮ ಎಂದರೆ ಹೆತ್ತವಳು. ಸಿಡುಬು ಎದ್ದ ಮನೆಯಲ್ಲಿ ಹಿರಿಯರು ರೋಗ ಬಂದಿತೆನ್ನದೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಕೊಲ್ಲುವವಳೂ ಅವಳೇ, ಕಾಯುವವಳೂ ಅವಳೇ. ಆ ಭಯದಲ್ಲಿ ಒಂದು ನಂಟಿತ್ತು.

1980ರಲ್ಲಿ ಸಿಡುಬು ಲೋಕದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಬೇನೆ ಹೋಯಿತು, ಬೈಗುಳ ಉಳಿಯಿತು. ಎದುರಾಡಿದ ಹೆಣ್ಣು ಇಂದಿಗೂ ಮಾರಿ. ವಿಧವೆಯಾದ ಸೊಸೆ ಗಂಡನನ್ನು ನುಂಗಿದವಳು. ಹೆಂಡತಿ ಸತ್ತ ಗಂಡಸಿಗೆ ಇಂಥ ಬಿರುದನ್ನು ಯಾರೂ ಕೊಡುವುದಿಲ್ಲ.

ಮಾರಿಯ ಹುಟ್ಟಿನ ಕಥೆಯೂ ಪ್ರಸಿದ್ಧವಾದದ್ದೇ. ಕುಲ ಮರೆಸಿ ಬಂದವನಿಗೆ ಹೆಣ್ಣೊಬ್ಬಳನ್ನು ಮದುವೆ ಮಾಡಿಕೊಡುತ್ತಾರೆ. ನಿಜ ತಿಳಿದಾಗ ಅವಳು ಉಗ್ರರೂಪ ತಾಳುತ್ತಾಳೆ. ಕುಲವನ್ನೇ ಅಪರಾಧವಾಗಿಸಿದ ಜಾತಿಬುದ್ಧಿ ಈ ಕಥೆಯಲ್ಲಿದೆ. ಅದನ್ನು ನಾನು ಸಮರ್ಥಿಸಲಾರೆ. ಆದರೆ ಕಥೆ ಆರಂಭವಾಗುವುದು ಹೆಣ್ಣಿನ ಕ್ರೌರ್ಯದಿಂದಲ್ಲ, ಅವಳಿಗಾದ ವಂಚನೆಯಿಂದ ಎಂಬುದನ್ನು ಗಮನಿಸಬೇಕು. 2004ರಲ್ಲಿ ತೆರೆಕಂಡ 'ಆಪ್ತಮಿತ್ರ' ಚಿತ್ರದ ನಾಗವಲ್ಲಿಯ ಕಥೆಯೂ ಹೀಗೆಯೇ. ಅವಳ ಪ್ರಿಯಕರನನ್ನು ಕೊಂದು ಅವಳನ್ನೂ ಕೊಂದವನು ಅರಸ. ಪ್ರೇಕ್ಷಕರಾದರೋ ಆ ಅರಸನ ವಿಚಿತ್ರ ಉದ್ಗಾರವನ್ನು ಅನುಕರಿಸಿ ನಕ್ಕರು. ಬೆಚ್ಚಿದ್ದು ನಾಗವಲ್ಲಿಯ ಕಣ್ಣಿಗೆ. ಕೊಂದವನು ವಿನೋದವಾದ, ಸತ್ತವಳು ಪಿಶಾಚಿಯಾದಳು.

ಇದು ಬರಿಯ ಕಥೆಯಾಗಿದ್ದರೆ ನಾನಿಷ್ಟು ಹೇಳಬೇಕಾಗಿರಲಿಲ್ಲ. ಇದೇ ಸೀಮೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಹಸಿ ಬಾಣಂತಿಯರನ್ನೂ ಊರಾಚೆಯ ಗುಡಿಸಲಿನಲ್ಲಿರಿಸುವ ರೂಢಿ ಬೆಳೆದುಬಂದಿದೆ. ಮಳೆ, ಚಳಿ, ಹಾವು ಚೇಳುಗಳ ನಡುವೆ ಕೂಸಿನೊಡನೆ ತಾಯಿ ಒಂಟಿ. ಒಂದೇ ಕುಲದತ್ತ ಬೆರಳು ತೋರಿಸುವ ಹಕ್ಕು ನಮಗಿಲ್ಲ. ಮುಟ್ಟಾದವಳನ್ನು ಮೂಲೆಯಲ್ಲಿ ಕೂರಿಸಿದ ಮನೆಗಳು ಮೇಲುಜಾತಿಗಳಲ್ಲಿಯೂ ಬೇಕಾದಷ್ಟಿವೆ. ದೇವಿಯ ಉಗ್ರತೆಗೆ ಕೈಮುಗಿಯುವ ನಾವು, ಜೀವಂತ ತಾಯಿಯ ರಕ್ತಕ್ಕೆ ಅಂಜಿ ಅವಳನ್ನು ಹೊರಗಿಡುತ್ತೇವೆ. ಅಮಾನವೀಯ ಪದ್ಧತಿಗಳನ್ನು ತಡೆಯಲು ಕರ್ನಾಟಕವು 2017ರಲ್ಲಿ ಮಾಡಿದ ಕಾಯಿದೆ ಇಂಥ ಬಹಿಷ್ಕಾರವನ್ನು ನಿಷೇಧಿಸಿದೆ. ಆದರೆ ಮನಸ್ಸಿನೊಳಗಿನ ಅಂಜಿಕೆಯನ್ನು ಕಾಯಿದೆಯೊಂದೇ ನೀಗಲಾರದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ, ಅಶೋಕನು ತಾಯಿತಂದೆಯರಿಗೆ ವಿಧೇಯರಾಗಿರಬೇಕೆಂದು ಬರೆಯಿಸಿದನು. ಅಲ್ಲಿ ಬಳಕೆಯಾದ ಪ್ರಾಕೃತ ಪದ ನಮ್ಮ 'ಶುಶ್ರೂಷೆ'ಯ ಬಳಗದ್ದು. ಶುಶ್ರೂಷೆ ಎಂದರೆ ನಮಗಿಂದು ಆರೈಕೆ. ಅದರ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಎರಡೂ ಅರ್ಥಗಳು ಇಲ್ಲಿ ನಮಗೆ ಬೇಕು. ಬಾಣಂತಿಗೆ ಆರೈಕೆ ದೊರೆಯಲಿ. ಮಾರಿ ಎಂದು ನಾವು ಕರೆದವಳ ಮಾತನ್ನು ಒಮ್ಮೆಯಾದರೂ ಪೂರ್ತಿಯಾಗಿ ಕೇಳೋಣ.