ಒಂದು ಮುಖವೂ ಸಾವಿರ ಸಂಖ್ಯೆಯೂ

ಹಿಂದೆ ಊರಿನ ಶಾಲೆಗೆ ಚಂದಾ ಎತ್ತುವವರು ರಸೀತಿ ಪುಸ್ತಕ ಹಿಡಿದು ಮನೆಬಾಗಿಲಿಗೆ ಬರುತ್ತಿದ್ದರು. ಬಂದವರು ನಮಗೆ ಪರಿಚಿತರು. ನಾವು ಕೊಟ್ಟ ಹಣದಿಂದ ಎದ್ದ ಗೋಡೆಯೂ ಕಣ್ಣೆದುರಿಗೇ ಇರುತ್ತಿತ್ತು. ಇಂದು ಆ ಕೆಲಸವನ್ನು ಸೇವಾಸಂಸ್ಥೆಗಳ ಜಾಲತಾಣಗಳೂ ಮಾಡುತ್ತಿವೆ. ಅಲ್ಲಿ ಪರಿಚಯವಿಲ್ಲ, ಗೋಡೆಯೂ ಕಾಣದು. ಹಾಗಿರುವಾಗ ದೂರದ ದಾನಿಯ ಮನಸ್ಸು ಕರಗುವುದು ಹೇಗೆ?

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರೇ ಮೊದಲಾದ ಆದಿವಾಸಿಗಳು ವಾಸಿಸುತ್ತಾರೆ. 1984ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಸರಗೂರಿನಲ್ಲಿ ಆಸ್ಪತ್ರೆಯನ್ನೂ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯನ್ನೂ ನಡೆಸುತ್ತ ಬಂದಿದೆ. ಇಂತಹ ಕಾರ್ಯವನ್ನು, ಹಾಡಿಯನ್ನೇ ಕಾಣದವರಿಗೆ ತಿಳಿಸುವ ಬಗೆ ಎರಡು: ಸಾವಿರಾರು ಮಕ್ಕಳ ಅಂಕಿಅಂಶವನ್ನು ಮುಂದಿಡಬಹುದು, ಇಲ್ಲವೇ ಒಂದೇ ಮಗುವಿನ ಕಥೆಯನ್ನು ಹೇಳಬಹುದು.

ಇವುಗಳಲ್ಲಿ ಯಾವುದು ಫಲಕಾರಿ? ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೀನ್, ಪಾಲ್ ಸ್ಲೋವಿಕ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಭಾಗವಹಿಸಿದವರಿಗೆ ತಲಾ 5 ಡಾಲರ್ ಕೊಟ್ಟು, ಅದರಲ್ಲಿ ಇಷ್ಟಬಂದಷ್ಟನ್ನು ಆಫ್ರಿಕದ ಹಸಿದವರಿಗೆ ದಾನ ಮಾಡಬಹುದೆಂದು ತಿಳಿಸಲಾಯಿತು. ಬರೀ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ 7 ವರ್ಷದ ಹುಡುಗಿಯೊಬ್ಬಳ ಚಿತ್ರ, ಕಥೆಗಳನ್ನು ನೋಡಿದವರು 2.38 ಡಾಲರ್ ಕೊಟ್ಟರು. ಸೋಜಿಗವೆಂದರೆ, ಎರಡನ್ನೂ ಒಟ್ಟಿಗೆ ಕಂಡವರ ದಾನ 1.43ಕ್ಕೆ ಇಳಿಯಿತು! ಒಂದು ಮುಖ ಕನಿಕರವನ್ನು ಎಬ್ಬಿಸುತ್ತದೆ. ಅಂಕಿಗಳು ಬುದ್ಧಿಯನ್ನು ಲೆಕ್ಕಕ್ಕೆ ಹಚ್ಚಿ ಆ ಕನಿಕರವನ್ನು ತಣ್ಣಗಾಗಿಸುತ್ತವೆ ಎಂಬುದು ಅವರ ವಿವರಣೆ.

ಹಾಗೆಂದು ಅಳುವ ಮಗುವಿನ ಚಿತ್ರವನ್ನು ಜಾಲತಾಣದಲ್ಲಿ ತೂಗುಹಾಕಿದರೆ ಸಾಕೇ? ಸಲ್ಲದು. ಆ ಮಗು ನಾಳೆ ಕಾಲೇಜು ಸೇರೀತು. ಸಹಪಾಠಿಗಳು ಆ ಚಿತ್ರವನ್ನು ಕಂಡಾರು. ಒಮ್ಮೆ ಹರಡಿದ ಚಿತ್ರವನ್ನು ಹಿಂದಕ್ಕೆ ಪಡೆಯುವುದು ಬಲು ಕಷ್ಟ. ಆದುದರಿಂದ ಮಗುವಿನ ಹಾಗೂ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಚಿತ್ರವನ್ನು ಬಳಸಬಾರದು. ಬಳಸಿದರೂ ಅದು ದೈನ್ಯವನ್ನಲ್ಲ, ಕಲಿಕೆಯನ್ನು ತೋರಬೇಕು.

ಕೃಷ್ಣರಾಜನಗರದ ಭತ್ತದ ಬಯಲಿನಲ್ಲಿ ಕುಳಿತು ಫೋನಿನಲ್ಲಿ ಪುಟ ತೆರೆಯುವ ವಿದ್ಯಾರ್ಥಿಗೆ ಮೊದಲು ಒಂದು ನಿಜವಾದ ಕಥೆ ಕಾಣಲಿ; ಬಳಿಕ ತನ್ನ ಅಲ್ಪ ಹಣದಿಂದ ಏನಾಗುವುದೆಂಬುದು; ಕೊನೆಗೆ ಲೆಕ್ಕಪರಿಶೋಧಕರು ಪರೀಕ್ಷಿಸಿದ ಆಯವ್ಯಯ. ಕಥೆಯಿಲ್ಲದಿದ್ದರೆ ಆತ ಪುಟವನ್ನು ಮುಚ್ಚಿಯಾನು. ಲೆಕ್ಕವಿಲ್ಲದಿದ್ದರೆ ಚಿತ್ರವಿರುವ ಒಂದು ಮಗುವಿಗೆ ನೆರವು ದೊರೆತು, ಚಿತ್ರವಿಲ್ಲದ ನೂರು ಮಕ್ಕಳು ಮರೆತುಹೋದಾರು. ಮುಂದೆ ಇಂತಹ ಪುಟವನ್ನು ಕಂಡಾಗ ಈ ಎರಡನ್ನೂ ಹುಡುಕಿ ನೋಡುವುದು ನಮ್ಮ ಕರ್ತವ್ಯ.