ನದಿಗಿಂತ ತಗ್ಗಾದ ಜಮೀನು: ಲಾಕ್ ಎಂಬ ಹಳ್ಳಿಯಿಂದ ತಿಳಿಯತಕ್ಕ ಸಂಗತಿ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಸ್ಯಾಕ್ರಮೆಂಟೊ ನದಿಯ ದಡದಲ್ಲಿ, ಲಾಕ್ ಎಂಬ ಸಣ್ಣ ಹಳ್ಳಿಯೊಂದಿರುವುದು. ಇದರ ವಿಸ್ತಾರವು ಸುಮಾರು ೧೪ ಎಕರೆ ಮಾತ್ರ. ಇದಕ್ಕೆ ಮುನಿಸಿಪಾಲಿಟಿ ಇಲ್ಲ. ಕೌಂಟಿ ಎಂಬ ಜಿಲ್ಲಾಡಳಿತಕ್ಕೆ ಸೇರಿರುವುದು. ಇಷ್ಟು ದೂರದ ಹಳ್ಳಿಯ ವೃತ್ತಾಂತವು ನಮ್ಮ ಗ್ರಾಮ ಮುಖಂಡರಿಗೂ ಭೂಮಾಲೀಕರಿಗೂ ಏಕೆ ಬೇಕೆಂದು ಕೇಳಬಹುದು. ಜಮೀನನ್ನು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟವೆಂಬುದು ಅಲ್ಲಿ ಕಣ್ಣಿಗೆ ಕಾಣುವಂತೆ ನಡೆದಿದೆ.

ಈ ಹಳ್ಳಿಯ ಸುತ್ತಣ ಪ್ರದೇಶವು ಪೂರ್ವದಲ್ಲಿ ಜೊಂಡು ಬೆಳೆದ ಜೌಗು ನೆಲವಾಗಿದ್ದಿತು. ೧೮೫೦ನೆಯ ಇಸವಿಯ ಕಾನೂನಿನ ಮೇರೆಗೆ ಜೌಗು ನೆಲಗಳು ಪ್ರಾಂತ ಸರ್ಕಾರದ ವಶಕ್ಕೆ ಬಂದು, ಆ ಬಳಿಕ ಖಾಸಗಿಯವರಿಗೆ ಮಾರಲ್ಪಟ್ಟವು. ಚೀನಾ ದೇಶದಿಂದ ಬಂದ ಕೂಲಿಗಾರರು ಗುದ್ದಲಿ, ಕೈಗಾಡಿಗಳಿಂದಲೇ ಅನೇಕ ಮೈಲಿ ಒಡ್ಡುಗಳನ್ನು ಕಟ್ಟಿ ನೀರನ್ನು ಹೊರಗಿಟ್ಟರು. ನದಿಯ ದಡದ ಮೆಕ್ಕಲು ಮಣ್ಣಿನಲ್ಲಿ ಪಿಯರ್ ಹಣ್ಣಿನ ತೋಟಗಳೂ, ಒಳಗಿನ ಕರಿಯ ನೆಲದಲ್ಲಿ ಶತಾವರಿಯ ಜಾತಿಗೆ ಸೇರಿದ ಆಸ್ಪರಾಗಸ್ ಎಂಬ ಪಲ್ಯವೂ ಹುಲುಸಾಗಿ ಬೆಳೆದವು.

ಆದರೆ ಆ ಕರಿಯ ಮಣ್ಣು ಸಾವಿರಾರು ವರ್ಷ ಜೊಂಡು ಅರೆಕೊಳೆತು ಶೇಖರವಾದದ್ದು. ಅದನ್ನು ಪೀಟ್ ಎನ್ನುವರು. ನೀರಿನಲ್ಲಿ ಮುಳುಗಿರುವವರೆಗೆ ಅದು ಹಾಗೆಯೇ ಉಳಿಯುವುದು. ನೀರನ್ನು ಬಸಿದೊಡನೆ ಗಾಳಿಯು ಒಳಹೊಕ್ಕು, ಸೂಕ್ಷ್ಮಜೀವಿಗಳು ಅದನ್ನು ತಿಂದು ಅನಿಲವಾಗಿ ಮಾಡಿಬಿಡುವುವು. ಬೆಂಕಿಯಿಟ್ಟು ಸುಡುವುದರಿಂದಲೂ, ಬರಿಯ ನೆಲದ ಮೇಲೆ ಬೀಸುವ ಗಾಳಿಯಿಂದಲೂ ಮತ್ತಷ್ಟು ನಷ್ಟವಾಯಿತು. ಕೆಲವೆಡೆ ವರ್ಷಕ್ಕೆ ೧ರಿಂದ ೩ ಅಂಗುಲದಂತೆ ನೆಲವು ಕುಸಿದು, ಅನೇಕ ದ್ವೀಪಗಳ ಒಳಭಾಗವು ಸಮುದ್ರ ಮಟ್ಟಕ್ಕಿಂತ ೧೦ರಿಂದ ೨೫ ಅಡಿ ತಗ್ಗಾಗಿರುವುದು. ನೆಲವು ತಗ್ಗಿದಷ್ಟೂ ಒಡ್ಡಿನ ಮೇಲೆ ನೀರಿನ ಒತ್ತಡವು ಹೆಚ್ಚುವುದು. ೧೯೭೨ರ ಮತ್ತು ೨೦೦೪ರ ಜೂನ್ ತಿಂಗಳುಗಳಲ್ಲಿ, ಮಳೆಗಾಲವಲ್ಲದ ಸಮಯದಲ್ಲಿಯೇ, ಆ ಸೀಮೆಯ ಒಡ್ಡುಗಳು ಒಡೆದು ಸಾವಿರಾರು ಎಕರೆ ಮುಳುಗಿದವು.

ಒಡ್ಡು ಕಟ್ಟಿದವರ ಗತಿಯನ್ನೂ ತಿಳಿಯತಕ್ಕದ್ದು. ೧೯೧೫ರಲ್ಲಿ ನೆರೆಯ ವಾಲ್‌ನಟ್ ಗ್ರೋವ್ ಊರಿನ ಚೀನೀ ಕೇರಿಯು ಬೆಂಕಿಗೆ ಆಹುತಿಯಾಗಲು, ಅಲ್ಲಿಯವರಲ್ಲಿ ಕೆಲವರು ಲಾಕ್ ಎಂಬ ಮನೆತನದವರ ಭೂಮಿಯಲ್ಲಿ ಬಾಯಿಮಾತಿನ ಕರಾರಿನ ಮೇಲೆ ಈ ಹಳ್ಳಿಯನ್ನು ಕಟ್ಟಿಕೊಂಡರು. ೧೯೧೩ರ ಕಾನೂನು ಅವರಂಥವರು ಭೂಮಿಯನ್ನು ಕೊಳ್ಳದಂತೆ ತಡೆದಿದ್ದಿತು. ಮನೆ ಅವರದು, ನೆಲ ಪರರದು! ೧೯೫೨ರಲ್ಲಿ ನ್ಯಾಯಾಲಯವು ಆ ಕಾನೂನನ್ನು ರದ್ದುಗೊಳಿಸಿದರೂ, ೧೯೭೭ರಲ್ಲಿ ಇಡೀ ಹಳ್ಳಿಯ ನೆಲವು ಹೊರಗಿನ ಕಂಪೆನಿಯೊಂದಕ್ಕೆ ಮಾರಾಟವಾಯಿತು. ೨೦೦೪ರ ಹೊತ್ತಿಗೆ ಮಾತ್ರ ಮನೆಯವರು ತಂತಮ್ಮ ನಿವೇಶನಗಳನ್ನು ಕೊಳ್ಳುವಂತಾಯಿತು. ಅಷ್ಟರಲ್ಲಿ ಮಕ್ಕಳು ಮೊಮ್ಮಕ್ಕಳು ಬಹುಮಂದಿ ಊರು ಬಿಟ್ಟು ಹೋಗಿದ್ದರು.

ಈಚೆಗೆ ಅಲ್ಲಿಯವರು ಪರಿಹಾರವನ್ನೂ ಅರಸಿರುವರು. ಅದೇ ಸೀಮೆಯ ಟ್ವಿಚೆಲ್ ದ್ವೀಪದಲ್ಲಿ ೧೯೯೭ರಿಂದ ಪ್ರಯೋಗಾರ್ಥವಾಗಿ ನೀರು ನಿಲ್ಲಿಸಿ ಮತ್ತೆ ಜೊಂಡು ಬೆಳೆಸಲು, ನೆಲವು ಪುನಃ ಏರತೊಡಗಿತು. ಜೊಂಡನ್ನು ಬೆಳೆಸಲಾಗದ ಕಡೆ, ನೀರು ನಿಲ್ಲುವ ಭತ್ತದ ಬೇಸಾಯವು ಕುಸಿತವನ್ನು ತಗ್ಗಿಸುವುದು.

ನಮ್ಮಲ್ಲಿ ಅಂಥ ಪೀಟ್ ಭೂಮಿ ವಿರಳವಾದರೂ, ಅಘನಾಶಿನಿಯ ದಡದ ಗಜನಿ ಗದ್ದೆಗಳಂತೆ ಒಡ್ಡನ್ನೇ ನಂಬಿದ ಜಮೀನುಗಳೂ, ಕೆರೆಯ ಏರಿಗಳೂ ಉಂಟು. ಅದು ಕಾರಣ ಈ ಕೆಳಗಿನವುಗಳನ್ನು ಮನಸ್ಸಿನಲ್ಲಿಡತಕ್ಕದ್ದು.

೧. ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಒಡ್ಡನ್ನು ನಡೆದು ನೋಡಬೇಕು. ಏಡಿ, ಹೆಗ್ಗಣಗಳ ಬಿಲಗಳನ್ನು ಮುಚ್ಚಿಸಬೇಕು. ಒಸರುವ ನೀರು ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ತಿಳಿದು, ಒಡನೆಯೇ ದುರಸ್ತಿಗೆ ತೊಡಗಬೇಕು.

೨. ಒಡ್ಡು ಒಂದೆಡೆ ಒಡೆದರೆ ನೀರು ಎಲ್ಲರ ಗದ್ದೆಗೂ ನುಗ್ಗುವುದಾದ್ದರಿಂದ, ದುರಸ್ತಿಯ ವೆಚ್ಚವನ್ನು ಜಮೀನಿನ ವಿಸ್ತಾರಕ್ಕೆ ತಕ್ಕಂತೆ ಎಲ್ಲರೂ ಹೊರುವುದು ನ್ಯಾಯ.

೩. ಕೂಳೆಯನ್ನು ಸುಡದೆ ಮಣ್ಣಿಗೆ ಸೇರಿಸಬೇಕು. ಕಾಂಪೋಸ್ಟ್, ಹಸಿರೆಲೆ ಗೊಬ್ಬರಗಳನ್ನು ಹಾಕಬೇಕು. ನೀರನ್ನು ಬೆಳೆಗೆ ಬೇಕಾದಷ್ಟು ಆಳಕ್ಕೆ ಮಾತ್ರ ಬಸಿಯಬೇಕು.

೪. ಊರಿನಲ್ಲಿ ಮನೆ ಕಟ್ಟಿಕೊಂಡಿರುವ ಕೂಲಿಗಾರರ ನಿವೇಶನಗಳಿಗೆ ಹಕ್ಕುಪತ್ರವಿಲ್ಲದಿದ್ದರೆ, ಮುಖಂಡರು ತಾವೇ ಮುಂದೆ ನಿಂತು ಅದನ್ನು ಕೊಡಿಸಬೇಕು. ನಾಳೆ ಎಬ್ಬಿಸಿಯಾರೆಂಬ ಭಯವುಳ್ಳವನು ಊರಿನ ಒಡ್ಡಿಗೆ ಮನಸ್ಸಿಟ್ಟು ಮಣ್ಣು ಹಾಕುವನೆಂದು ಎದುರುನೋಡುವುದು ಹೇಗೆ?

ಈ ಬೇಸಗೆಯಲ್ಲಿಯೇ ಊರಿನವರನ್ನು ಕೂಡಿಸಿಕೊಂಡು ತಮ್ಮ ಒಡ್ಡನ್ನು ಒಮ್ಮೆ ಪೂರ್ಣವಾಗಿ ನೋಡಿಬರಬೇಕೆಂದು ಮುಖಂಡರಲ್ಲಿ ವಿನಂತಿ.