ನೆಲದಿಂದ ಮೇಲೇಳುವ ಶಕ್ತಿ: ಮಾಂಸಪೇಶಿಗಳ ರಚನೆ, ಹೆಸರು, ಕಾರ್ಯ

ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದ ಹಿರಿಯರು ಮೇಲೇಳುವಾಗ ಒಂದು ಕೈಯನ್ನು ನೆಲಕ್ಕೂ ಇನ್ನೊಂದನ್ನು ಪಕ್ಕದವರ ಹೆಗಲಿಗೂ ಊರುವುದನ್ನು ನಾವೆಲ್ಲರೂ ಕಾಣುತ್ತೇವೆ. ಅದನ್ನು ಮಂಡಿನೋವೆಂದು ತಿಳಿದು, ಎಣ್ಣೆ ತಿಕ್ಕಿಸಿಕೊಂಡು, ಮುಂದಿನ ಬಾರಿ ಕುರ್ಚಿ ಕೇಳುವುದು ರೂಢಿಯಾಗಿದೆ. ಆದರೆ ಹಲವರಲ್ಲಿ ಸೋತಿರುವುದು ಮಂಡಿಯ ಕೀಲಷ್ಟೇ ಅಲ್ಲ, ತೊಡೆಯ ಮಾಂಸಪೇಶಿಯೂ ಹೌದು.

ಮೊದಲು ಒಂದು ಪದದ ವಿಚಾರ. ಶಾಲಾ ಪುಸ್ತಕಗಳು ‘ಸ್ನಾಯು’ ಎನ್ನುವುದನ್ನು ಆಯುರ್ವೇದವು ‘ಮಾಂಸಪೇಶಿ’ ಎನ್ನುತ್ತದೆ. ನಮ್ಮ ಗ್ರಂಥಗಳಲ್ಲಿ ಸ್ನಾಯುವೆಂದರೆ ಕೀಲುಗಳನ್ನು ಬಿಗಿದು ಕಟ್ಟುವ ನಾರು. ಸುಶ್ರುತ ಸಂಹಿತೆಯ ಶಾರೀರಸ್ಥಾನವು 500 ಪೇಶಿಗಳನ್ನು ಎಣಿಸಿ, ಅವುಗಳಲ್ಲಿ 400 ಕೈಕಾಲುಗಳಲ್ಲಿವೆ ಎನ್ನುತ್ತದೆ. ಆಧುನಿಕರ ಲೆಕ್ಕ 600ಕ್ಕೂ ಮಿಕ್ಕಿದೆ. ಎಣಿಸುವ ಕ್ರಮವೇ ಬೇರೆಯಾದುದರಿಂದ ಎರಡನ್ನೂ ತಕ್ಕಡಿಗೆ ಹಾಕಿ ವಾದಿಸುವುದು ವ್ಯರ್ಥವೆಂದು ನಮ್ಮ ಅಭಿಪ್ರಾಯ.

ಪೇಶಿಯ ರಚನೆ ಹಲಗೂರು ಸೀಮೆಯ ರೈತರಿಗೆ ಸುಲಭವಾಗಿ ತಿಳಿಯುವಂಥದು. ಕಬ್ಬಿನ ಜಲ್ಲೆಗಳು ಸೇರಿ ಒಂದು ಕಟ್ಟು, ಕಟ್ಟುಗಳು ಸೇರಿ ಗಾಡಿಯ ಹೊರೆ. ಹಾಗೆಯೇ ಕೂದಲಿನಷ್ಟು ಸಣ್ಣ ಎಳೆಗಳು ಸೇರಿ ಕಟ್ಟುಗಳಾಗಿ, ಕಟ್ಟುಗಳು ಸೇರಿ ಪೇಶಿಯಾಗುತ್ತದೆ. ಪ್ರತಿ ಎಳೆಗೂ, ಪ್ರತಿ ಕಟ್ಟಿಗೂ, ಇಡೀ ಪೇಶಿಗೂ ತೆಳುವಾದ ಹೊದಿಕೆಯುಂಟು. ತುದಿಯಲ್ಲಿ ಈ ಹೊದಿಕೆಗಳೇ ಒಂದುಗೂಡಿ ಗಟ್ಟಿಯಾದ ಹುರಿಯಾಗಿ ಮೂಳೆಯನ್ನು ಹಿಡಿಯುತ್ತವೆ. ಹಿಮ್ಮಡಿಯ ಮೇಲೆ ಬೆರಳಿಟ್ಟರೆ ಅಂತಹ ಹುರಿ ಕೈಗೆ ಸಿಗುತ್ತದೆ. ಎಳೆಯ ಒಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ತಂತುಗಳಿವೆ. ನರದ ಆಜ್ಞೆ ಬಂದೊಡನೆ ಅವು ಒಂದರ ನಡುವೆ ಒಂದು ಜಾರಿ, ಪೇಶಿ ಗಿಡ್ಡವಾಗುತ್ತದೆ. ಈ ಜಾರುವಿಕೆಯನ್ನು ವಿಜ್ಞಾನಿಗಳು ಪ್ರಕಟಿಸಿದ್ದು 1954ರಲ್ಲಿ.

ಪೇಶಿಯು ಎಳೆಯಬಲ್ಲದು, ನೂಕಲಾರದು. ಆದಕಾರಣ ಒಂದು ಮಡಿಸಿದರೆ ಇನ್ನೊಂದು ಬಿಡಿಸಬೇಕು. ತೋಳಿನ ಮುಂಭಾಗದ ಪೇಶಿ ಮೊಣಕೈಯನ್ನು ಮಡಿಸುತ್ತದೆ. ಮೇಲ್ತುದಿಯಲ್ಲಿ ಅದಕ್ಕೆ ಎರಡು ಬೇರುಗಳಿರುವುದರಿಂದ ದ್ವಿಶಿರವೆಂದು ಹೆಸರು. ಇಷ್ಟಲಿಂಗವನ್ನು ಎಡಗೈಯಲ್ಲಿ ಇರಿಸಿಕೊಳ್ಳಲು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದರಲ್ಲಿಯೂ ಅದರ ಪಾತ್ರವಿದೆ. ಹಿಂಭಾಗದ ತ್ರಿಶಿರವು ಕೈಯನ್ನು ನೀಡಿಸುತ್ತದೆ. ಹೆಸರುಗಳು ಹೀಗೆ ಬೇರುಗಳಿಂದ, ಆಕಾರದಿಂದ, ಕೆಲಸದಿಂದ ಬಂದವು. ತೊಡೆಯನ್ನು ಓರೆಯಾಗಿ ದಾಟುವ, ಶರೀರದಲ್ಲೇ ಅತಿ ಉದ್ದವಾದ ಪೇಶಿಗೆ ಪಾಶ್ಚಾತ್ಯರು ‘ದರ್ಜಿಯ ಪೇಶಿ’ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಅಲ್ಲಿಯ ದರ್ಜಿಗಳೂ ನಮ್ಮಂತೆ ಕಾಲು ಮಡಿಸಿ ನೆಲದ ಮೇಲೆ ಕುಳಿತು ಹೊಲಿಯುತ್ತಿದ್ದರಂತೆ!

ಕುಳಿತವರು ಏಳಲು ಮುಖ್ಯವಾಗಿ ಬೇಕಾದುದು ತೊಡೆಯ ಮುಂಭಾಗದ ಚತುಶ್ಶಿರ ಮತ್ತು ಪೃಷ್ಠದ ಪೇಶಿ. ಚತುಶ್ಶಿರದ ನಾಲ್ಕು ಭಾಗಗಳೂ ಒಂದೇ ಹುರಿಯಾಗಿ, ಮಂಡಿಚಿಪ್ಪನ್ನು ಹಿಡಿದುಕೊಂಡು, ಮೊಣಕಾಲ ಕೆಳಗಿನ ಮೂಳೆಯನ್ನು ಎಳೆದು ಕಾಲನ್ನು ನೇರ ಮಾಡುತ್ತವೆ. ಮೆಟ್ಟಿಲಿಳಿಯುವಾಗ ದೇಹ ಕುಸಿಯದಂತೆ ಮೆಲ್ಲನೆ ಸಡಿಲಬಿಡುವುದೂ ಅದೇ. ವಯಸ್ಸಿನೊಡನೆ ಪೇಶಿಗಳು ಕ್ಷೀಣಿಸುವುದು ಸಹಜ. ಬಳಸದಿದ್ದರೆ ಬಹು ಬೇಗ ಕ್ಷೀಣಿಸುತ್ತವೆ. ಜ್ವರದಿಂದ ಕೆಲವು ವಾರ ಹಾಸಿಗೆ ಹಿಡಿದವರ ತೊಡೆಯನ್ನು ನೋಡಿದರೆ ಸಾಕು. ಕುರ್ಚಿಗೆ ಒಗ್ಗಿದ ತೊಡೆಗೆ ಮುಂದೆ ಕುರ್ಚಿಯಿಂದೇಳುವುದೂ ಕಷ್ಟವಾಗುತ್ತದೆ. ಬಚ್ಚಲಲ್ಲಿ ಕಾಲು ಜಾರಿದಾಗ ತಡೆದುಕೊಳ್ಳುವ ಬಲವಿರುವುದಿಲ್ಲ.

ಅಭ್ಯಂಗ ಒಳ್ಳೆಯದೇ, ಬಿಗಿತವೂ ನೋವೂ ತಗ್ಗುತ್ತವೆ. ಆದರೆ ಎಣ್ಣೆಯೊಂದರಿಂದಲೇ ಪೇಶಿ ಬೆಳೆಯದು. ಅದಕ್ಕೆ ಕೆಲಸವೂ ಆಹಾರವೂ ಬೇಕು. ಮುದ್ದೆ, ತಿಳಿಸಾರಿನಲ್ಲಿಯೇ ಊಟ ಮುಗಿಸುವ ಹಿರಿಯರ ತಟ್ಟೆಗೆ ಹುರುಳಿ, ಅವರೆ, ಹೆಸರುಕಾಳು, ಮೊಸರು ಸೇರಲಿ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿ ಸೇರಿಸಬೇಕು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ನಿಯಮ. ಬಾಯಿಯಿಂದ ಉಸಿರಾಡುವಂತಾದರೆ ನಿಲ್ಲಿಸತಕ್ಕದ್ದು. ಗೋಡೆಗೆ ಒತ್ತರಿಸಿದ ಕುರ್ಚಿಯಿಂದ ಕೈಯೂರದೆ ಐದು ಬಾರಿ ಎದ್ದು ಮೆಲ್ಲನೆ ಕುಳಿತುಕೊಳ್ಳಿರಿ, ಬೆಳಿಗ್ಗೆ ಮತ್ತು ಸಂಜೆ. ಮಂಡಿ ಊದಿದ್ದರೆ ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು. ಅದು ಹಗುರವಾದ ಮೇಲೆ ಕುರ್ಚಿಯ ಬದಲು ತಗ್ಗಾದ ಸ್ಟೂಲು, ಆಮೇಲೆ ಮಣೆ. ಆಗ ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರಲಿ.